ಗುದ್ದು ತಾಳುವವನ ಲೆಕ್ಕ

ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ತಲೆ ಬೋಳಿಸಿಕೊಂಡ ಇಬ್ಬರು ಜೆಟ್ಟಿಗಳು ಬೆರಳಿಗೆ ಮೊನಚಾದ ಆಯುಧ ತೊಟ್ಟು ಎದುರುಬದುರಾಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಾಣಿಸಿಕೊಂಡರೆ ಸಾಕು, ಅವರನ್ನು ಬಿಡಿಸುತ್ತಾರೆ. ನೋಡಿದವರು ಇದೆಂಥ ಕ್ರೌರ್ಯ ಎನ್ನುತ್ತಾರೆ. ಅದೇ ಜನ ಟಿವಿಯಲ್ಲಿ ಬಾಕ್ಸಿಂಗ್ ನೋಡುವಾಗ ನೆಮ್ಮದಿಯಾಗಿರುತ್ತಾರೆ. ಅಲ್ಲಿ ಮೆತ್ತನೆಯ ಗ್ಲೌಸ್ ಇದೆ, ರೆಫರಿ ಇದ್ದಾರೆ, ಮೂಲೆಯಲ್ಲಿ ಡಾಕ್ಟರ್ ಕೂತಿದ್ದಾರೆ. ನನಗೆ ಈ ಹೋಲಿಕೆ ತಲೆಕೆಳಗಾಗಿ ಕಾಣುತ್ತದೆ. ಜೆಟ್ಟಿಗೆ ಆಗುವ ಗಾಯ ಮುಖ್ಯವಾಗಿ ಚರ್ಮದ್ದು. ಎಲ್ಲರಿಗೂ ಕಾಣುತ್ತದೆ, ಕಂಡ ಕೂಡಲೇ ಆಟ ನಿಲ್ಲುತ್ತದೆ. ಬಾಕ್ಸರನಿಗೆ ಆಗುವ ಗಾಯ ಬುರುಡೆಯ ಒಳಗಿನದು. ಅದು ಕಾಣುವುದೂ ಇಲ್ಲ, ಅದಕ್ಕಾಗಿ ಆಟ ನಿಲ್ಲುವುದೂ ಇಲ್ಲ. ಆಟ ನಿಲ್ಲಬೇಕಾದರೆ ಅವನು ಬೀಳಬೇಕು, ಇಲ್ಲವೇ ಬೀಳುವ ಹಂತಕ್ಕೆ ಬರಬೇಕು. ಹಾಗಾಗಿ ಬೀಳದವನನ್ನು ನಾವು ಮೆಚ್ಚುತ್ತೇವೆ, ಏಟು ತಿನ್ನೋ ತಾಕತ್ತು ಅಂದರೆ ಇದು ಎನ್ನುತ್ತೇವೆ. ಆ ತಾಕತ್ತು ನಿಜಕ್ಕೂ ಏನು, ಎಲ್ಲಿರುತ್ತದೆ ಎಂದು ಕೇಳಿದರೆ ಮೆಚ್ಚುಗೆ ಸ್ವಲ್ಪ ಅಲುಗಾಡುತ್ತದೆ.

ಮನುಷ್ಯನ ಮಿದುಳು ಸುಮಾರು 1.4 ಕಿಲೊ ತೂಗುವ, ಗಟ್ಟಿ ಮೊಸರಿನಷ್ಟು ಮೆತ್ತಗಿನ ವಸ್ತು. ಬುರುಡೆಯೊಳಗೆ ತೆಳುವಾದ ದ್ರವದಲ್ಲಿ ಅದು ತೇಲುತ್ತಿರುತ್ತದೆ. ಹಣೆಗೆ ನೇರವಾಗಿ ಬಿದ್ದ ಗುದ್ದಿಗಿಂತ ಗದ್ದದ ತುದಿಗೆ ಪಕ್ಕದಿಂದ ಬಿದ್ದ ಗುದ್ದು ಹೆಚ್ಚು ಅಪಾಯಕಾರಿ. ಬಾವಿಯ ರಾಟೆಯ ಹಿಡಿಕೆಯನ್ನು ನಡುವಿನಲ್ಲಿ ಹಿಡಿದು ತಿರುಗಿಸುವುದಕ್ಕೂ ತುದಿಯಲ್ಲಿ ಹಿಡಿದು ತಿರುಗಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ಗದ್ದ ಕತ್ತಿನಿಂದ ದೂರದಲ್ಲಿದೆ, ಅಲ್ಲಿ ಬಿದ್ದ ಏಟು ಇಡೀ ತಲೆಯನ್ನು ಗಿರ್ರನೆ ತಿರುಗಿಸುತ್ತದೆ. ಬುರುಡೆ ತಿರುಗುತ್ತದೆ, ಒಳಗಿನ ಮಿದುಳು ಒಂದು ಕ್ಷಣ ಹಿಂದೆ ಉಳಿಯುತ್ತದೆ. ಆ ಎಳೆದಾಟದಲ್ಲಿ ನರತಂತುಗಳು ಹಿಗ್ಗುತ್ತವೆ, ಎಚ್ಚರವನ್ನು ಕಾಯುವ ಮಿದುಳುಕಾಂಡದ ಕೆಲಸ ಏರುಪೇರಾಗುತ್ತದೆ, ಕಣ್ಣು ಕತ್ತಲಿಡುತ್ತದೆ. ಮಿದುಳಿನ ಮೇಲ್ಮೈಯಿಂದ ಹೊರಪದರಕ್ಕೆ ಹೋಗುವ ಸಣ್ಣ ರಕ್ತನಾಳವೊಂದು ಹರಿದರೆ ಒಳಗೇ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಸಂಚಕಾರ. 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೊನ ಗುದ್ದನ್ನು ಅಳೆದಾಗ ಮುಷ್ಟಿಯ ವೇಗ ಸೆಕೆಂಡಿಗೆ ಸುಮಾರು 9 ಮೀಟರ್ ಇತ್ತು, ಗರಿಷ್ಠ ಬಲ 4,000 ನ್ಯೂಟನ್ ದಾಟಿತ್ತು. ಒಂದು ಗಳಿಗೆಯ ಮಟ್ಟಿಗೆ 400 ಕಿಲೊ ಭಾರ ಹೇರಿದ ಹಾಗೆ. ಇನ್ನು ಗ್ಲೌಸ್ ಕಾಪಾಡುವುದು ಹೊಡೆಯುವವನ ಬೆರಳಿನ ಮೂಳೆಯನ್ನು. ಬರಿಗೈಯಲ್ಲಿ ಬುರುಡೆಗೆ ಗುದ್ದಿದವನ ಕೈ ಬೇಗ ಸೋಲುತ್ತದೆ, ಗ್ಲೌಸ್ ತೊಟ್ಟವನು ಹೊಡೆಯುತ್ತಲೇ ಇರಬಲ್ಲ.

ಹಾಗಾದರೆ ಕೆಲವರು ಬೀಳುವುದೇ ಇಲ್ಲವಲ್ಲ, ಅದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕೆನಡಾದ ಜಾರ್ಜ್ ಶುವಾಲೊ 93 ವೃತ್ತಿಪರ ಪಂದ್ಯ ಆಡಿದ. ಮುಹಮ್ಮದ್ ಅಲಿ, ಜೋ ಫ್ರೇಜಿಯರ್, ಜಾರ್ಜ್ ಫೋರ್ಮನ್ ಮೂವರೂ ಅವನನ್ನು ಬಡಿದರು, ಒಬ್ಬರಿಗೂ ನೆಲಕ್ಕೆ ಕೆಡವಲಾಗಲಿಲ್ಲ. ಇಂಥವರಲ್ಲಿ ಮೂರು ನಾಲ್ಕು ಸಂಗತಿ ಒಟ್ಟಿಗೆ ಕೆಲಸ ಮಾಡುತ್ತವೆ. ಮೊದಲನೆಯದು ಕತ್ತು. ಅಮೆರಿಕದ ಪ್ರೌಢಶಾಲಾ ಕ್ರೀಡಾಪಟುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕತ್ತಿನ ಬಲ ಒಂದು ಪೌಂಡ್ ಹೆಚ್ಚಿದರೆ ತಲೆಪೆಟ್ಟಿನ ಸಾಧ್ಯತೆ ಶೇ. 5ರಷ್ಟು ಕಡಿಮೆಯಾದದ್ದು ಕಂಡಿತ್ತು. ಅವರು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟದವರು, ಬಾಕ್ಸರುಗಳಲ್ಲ ಎಂಬುದನ್ನು ಮರೆಯಬಾರದು. ಆದರೂ ಕಾರಣ ಸ್ಪಷ್ಟವೇ ಇದೆ, ಗಟ್ಟಿ ಕತ್ತು ತಲೆ ಗಿರ್ರನೆ ತಿರುಗುವುದನ್ನು ತಡೆಯುತ್ತದೆ. ನಮ್ಮ ಗರಡಿ ಪೈಲ್ವಾನರು ಕತ್ತನ್ನು ಹುರಿಗೊಳಿಸಲು ಪಡುವ ಶ್ರಮ ಸುಮ್ಮನೆ ಅಲ್ಲ. ಎರಡನೆಯದು ಕಣ್ಣು. ಬರುವ ಗುದ್ದನ್ನು ಕಂಡವನು ಹಲ್ಲು ಕಚ್ಚಿ, ಗದ್ದ ಎದೆಗೊತ್ತಿ, ಏಟಿನ ಜೊತೆಗೇ ತಲೆಯನ್ನು ಒಂದಿಷ್ಟು ಜಾರಿಸುತ್ತಾನೆ. ಕಾಣದೆ ಬಿದ್ದ ಗುದ್ದೇ ಬಹಳಷ್ಟು ಸಲ ನಾಕ್‌ಔಟ್ ಮಾಡುವುದು. ಹುಟ್ಟಿನಿಂದ ಬಂದದ್ದೂ ಸ್ವಲ್ಪ ಇರಬಹುದು. ಇವುಗಳಲ್ಲಿ ಯಾವುದೂ ಮಿದುಳನ್ನು ಗಟ್ಟಿ ಮಾಡುವುದಿಲ್ಲ. ಏಟು ಮಿದುಳಿನವರೆಗೆ ಹೋಗದಂತೆ ತಡೆಯುತ್ತವೆ, ಅಷ್ಟೇ. ಏಟು ತಿನ್ನುವ ತಾಕತ್ತು ಎಂದು ನಾವು ಹೊಗಳುವುದರಲ್ಲಿ ಬಹುಪಾಲು ಏಟು ತಪ್ಪಿಸುವ ಜಾಣ್ಮೆ. ಉಳಿದದ್ದು ಸಾಲ.

ಸಾಲ ಎಂದದ್ದಕ್ಕೆ ಆಕ್ಷೇಪ ಬರುತ್ತದೆ. ಉಳಿಪೆಟ್ಟು ಬಿದ್ದ ಕಲ್ಲೇ ಮೂರ್ತಿಯಾಗುವುದಲ್ಲವೇ, ಅಭ್ಯಾಸದಿಂದ ದೇಹ ಪಳಗುವುದಲ್ಲವೇ? ಅಂಗೈ ದಡ್ಡುಗಟ್ಟುತ್ತದೆ, ಮೊಣಕಾಲ ಕೆಳಗಿನ ಮೂಳೆ ಗಟ್ಟಿಯಾಗುತ್ತದೆ, ನಿಜ. ಮೂಳೆಗೂ ಚರ್ಮಕ್ಕೂ ತಮ್ಮನ್ನು ಮತ್ತೆ ಕಟ್ಟಿಕೊಳ್ಳುವ ಶಕ್ತಿ ಇದೆ. ಮಿದುಳಿನ ನರತಂತುವಿಗೆ ಆ ಭಾಗ್ಯ ಬಹಳ ಕಡಿಮೆ. ಮಾತಿಗೊಂದು ಉಪಮೆ ಬೇಕೇ ಬೇಕೆಂದರೆ ಶಿಲ್ಪಿಯ ಅಂಗಳ ಬಿಟ್ಟು ಭದ್ರಾವತಿಯ ಕಾರ್ಖಾನೆಗೆ ಹೋಗುವುದು ಮೇಲು. 1923ರಿಂದ ಕಬ್ಬಿಣ ಕರಗಿಸಿದ ಆ ಊರಿನ ಹಳೆಯ ಕಾರ್ಮಿಕರಿಗೆ ಗೊತ್ತಿರುವ ವಿಷಯ ಇದು: ಮತ್ತೆ ಮತ್ತೆ ಬಗ್ಗಿದ ಸರಳು ಹೊರಗೆ ಏನೂ ತೋರಿಸದೆ ಒಂದು ದಿನ, ಹಿಂದೆ ಎಷ್ಟೋ ಸಲ ಹೊತ್ತ ಭಾರಕ್ಕೇ, ತಟ್ಟನೆ ಮುರಿಯುತ್ತದೆ. ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲೆಂಡ್ 1928ರಲ್ಲೇ ಬಾಕ್ಸರುಗಳ ತೊದಲು ಮಾತು, ತಡವರಿಸುವ ನಡಿಗೆ, ಕುಗ್ಗುವ ಬುದ್ಧಿಯ ಬಗ್ಗೆ ಬರೆದಿದ್ದ. ಆ ಬರಹದಲ್ಲಿ ಅವನು ಎತ್ತಿ ಹೇಳಿದ್ದು ಚುರುಕು ಆಟಗಾರರನ್ನಲ್ಲ, ಒಂದು ಗುದ್ದು ಹಾಕಲು ಎಷ್ಟು ಬೇಕಾದರೂ ಗುದ್ದು ತಿನ್ನಲು ಸಿದ್ಧರಾದವರನ್ನು. ನಾವು ಮೆಚ್ಚುವ ಗಟ್ಟಿಗರೇ ಅವರು. ತಟ್ಟನೆ ಬಿದ್ದುಬಿಡುವವನಿಗೆ ಆ ರಾತ್ರಿಗೆ ಅಲ್ಲಿಗೇ ರಜೆ. ಬೀಳದವನು ಇನ್ನೂ ಅರ್ಧ ಗಂಟೆ ತಲೆಯೊಡ್ಡಿ ನಿಲ್ಲುತ್ತಾನೆ.

ಅಲಿಯ ಬದುಕನ್ನು ಈ ಕಣ್ಣಿನಿಂದ ನೋಡಬೇಕು. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಅವನು ಹಗ್ಗಕ್ಕೆ ಒರಗಿ ಫೋರ್ಮನ್‌ನ ಗುದ್ದುಗಳನ್ನು ಕೈಗೂ ಪಕ್ಕೆಗೂ ಬೀಳಗೊಟ್ಟು, ಎದುರಾಳಿ ದಣಿದ ಮೇಲೆ ಎಂಟನೇ ಸುತ್ತಿನಲ್ಲಿ ಕೆಡವಿದ. ಜಗತ್ತು ಅದನ್ನು ಜಾಣತನ ಎಂದು ಕೊಂಡಾಡಿತು, ಜಾಣತನವೇ ಸರಿ. ಆದರೆ ಕಾಲು ನಿಧಾನವಾದ ಮೇಲೆ ಅಲಿ ಏಟು ತಪ್ಪಿಸುವುದರ ಬದಲು ಏಟು ತಾಳುವುದನ್ನೇ ನೆಚ್ಚಿಕೊಂಡ. ಅಭ್ಯಾಸದಲ್ಲೂ ಜೊತೆಗಾರರಿಂದ ಹೊಡೆಸಿಕೊಳ್ಳುತ್ತಿದ್ದ. 1975ರಲ್ಲಿ ಮನಿಲಾದಲ್ಲಿ ಫ್ರೇಜಿಯರ್ ಜೊತೆ 14 ಸುತ್ತು, 1977ರಲ್ಲಿ ಅರ್ನಿ ಶೇವರ್ಸ್ ಎದುರು 15 ಸುತ್ತು. ಅದಾದ ಮೇಲೆ ಅವನ ವೈದ್ಯ ಫರ್ಡಿ ಪಚೆಕೊ ಇನ್ನು ಸಾಕು ಎಂದು ತಂಡ ಬಿಟ್ಟುಹೋದ. ಅಲಿ 1981ರವರೆಗೆ ಆಡಿದ. 1984ರಲ್ಲಿ, 42ನೇ ವಯಸ್ಸಿನಲ್ಲಿ, ಪಾರ್ಕಿನ್ಸನ್ ಲಕ್ಷಣಗಳು ಪತ್ತೆಯಾದವು. ಆ ಕಾಯಿಲೆ ಬಾಕ್ಸಿಂಗ್ ಆಡದವರಿಗೂ ಬರುತ್ತದೆ; ಅಲಿಗೆ ಗುದ್ದಿನಿಂದಲೇ ಬಂತೆಂದು ಆಣೆ ಮಾಡಿ ಹೇಳಲು ಬರುವುದಿಲ್ಲ. ಯಾರ ಮಿದುಳು ಎಷ್ಟು ತಾಳೀತು ಎನ್ನುವುದರಲ್ಲಿ ವಂಶದ ಪಾತ್ರವೂ ಇದೆ: 1997ರಲ್ಲಿ 30 ಬಾಕ್ಸರುಗಳನ್ನು ಪರೀಕ್ಷಿಸಿದ ಅಧ್ಯಯನದಲ್ಲಿ, ಅಲ್‌ಝೈಮರ್ ಕಾಯಿಲೆಗೂ ಸಂಬಂಧವಿರುವ ಒಂದು ವಂಶವಾಹಿಯ ರೂಪ ಇದ್ದವರಲ್ಲಿ, ಬಹಳ ಪಂದ್ಯ ಆಡಿದ್ದಾಗ, ಹಾನಿ ಹೆಚ್ಚು ಕಂಡಿತು. ಅದು ಹೊರಗಿನಿಂದ ನೋಡಿ ಹೇಳುವ ಸಂಗತಿಯಲ್ಲ.

ಇದೆಲ್ಲ ದುಡ್ಡಿಗಾಗಿ ಆಡುವವರ ಕಥೆ, ನಮ್ಮ ಮಕ್ಕಳು ಆಡುವುದು ಮೂರು ಮೂರು ನಿಮಿಷದ ಮೂರು ಸುತ್ತು ಎನ್ನುವವರ ಮಾತಿನಲ್ಲಿ ಹುರುಳಿದೆ. ಅಮೆಚೂರ್ ಬಾಕ್ಸಿಂಗ್‌ನಿಂದ ಮಿದುಳಿಗೆ ದೀರ್ಘಕಾಲದ ಹಾನಿಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲವೆಂದು 2007ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯ ಸಮೀಕ್ಷೆಯೊಂದು ಹೇಳಿತ್ತು. ಲಭ್ಯವಿದ್ದ ಅಧ್ಯಯನಗಳ ಗುಣಮಟ್ಟವೇ ಕಳಪೆ ಎಂದೂ ಹೇಳಿತ್ತು. ಸುತ್ತು ಕಡಿಮೆಯಾದರೆ ಅಪಾಯ ಕಡಿಮೆ ಎಂದು ವೃತ್ತಿಪರರೂ ಒಪ್ಪಿದ್ದಾರೆ: 1982ರಲ್ಲಿ ರೇ ಮ್ಯಾನ್ಸಿನಿ ಎದುರು 14ನೇ ಸುತ್ತಿನಲ್ಲಿ ಬಿದ್ದ ಕೊರಿಯಾದ ಕಿಮ್ ದುಕ್-ಕೂ ಸತ್ತ ಮೇಲೆ 15 ಸುತ್ತಿನ ಪಂದ್ಯಗಳು 12ಕ್ಕೆ ಇಳಿದವು. ಆದರೆ ಒಂದೇ ಗುದ್ದು ಸಾಕಾಗುವುದೂ ಉಂಟು. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ಯುವಕ ಎದುರಾಳಿಯ ಗುದ್ದಿಗೆ ಕುಸಿದು, ಎರಡು ದಿನದ ನಂತರ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಸರಿಯಿರಲಿಲ್ಲವೆಂದು ಮನೆಯವರು ದೂರಿದರು, ಪೊಲೀಸರು ನಿರ್ಲಕ್ಷ್ಯದ ಪ್ರಕರಣ ದಾಖಲಿಸಿದರು. ಹೆಡ್‌ಗಾರ್ಡ್ ಹಾಕಿಸಿದರಾಯಿತು ಎನ್ನುವವರಿಗೆ ಒಂದು ಮಾತು: ಅದು ಹುಬ್ಬು ಸೀಳುವುದನ್ನು ತಪ್ಪಿಸುತ್ತದೆ, ಬುರುಡೆ ಗಿರ್ರನೆ ತಿರುಗುವುದನ್ನಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗಂಡಸರು ಅದಿಲ್ಲದೆಯೇ ಆಡಿದರು.

ಆದ್ದರಿಂದ ಶಿವಮೊಗ್ಗದ ವಿನೋಬನಗರದ ತಂದೆತಾಯಿ ಮಗಳನ್ನೋ ಮಗನನ್ನೋ ಬಾಕ್ಸಿಂಗ್‌ಗೆ ಸೇರಿಸಬೇಕೆಂದಿದ್ದರೆ ಬೇಡ ಎನ್ನುವುದು ನನ್ನ ವಾದವಲ್ಲ. ಬ್ಯಾಗ್ ಗುದ್ದುವುದರಿಂದ, ಸ್ಕಿಪ್ಪಿಂಗ್‌ನಿಂದ, ಕಾಲಿನ ಚಲನೆಯಿಂದ ಮಿದುಳಿಗೆ ಯಾವ ಕೇಡೂ ಇಲ್ಲ. ಕೇಡು ಬರುವುದಾದರೆ ಹೆಚ್ಚಾಗಿ ಜನ ನೋಡುವ ಪಂದ್ಯದಲ್ಲಿ ಅಲ್ಲ, ಯಾರೂ ನೋಡದ ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಗುದ್ದಾಟದಲ್ಲಿ. ವರ್ಷಕ್ಕೆ ಬೆರಳೆಣಿಕೆಯ ಪಂದ್ಯ ಆಡುವವನು ಅಭ್ಯಾಸದಲ್ಲಿ ಅದರ ಎಷ್ಟೋ ಪಟ್ಟು ಗುದ್ದು ತಿನ್ನುತ್ತಾನೆ. ಕೋಚ್ ಹತ್ತಿರ ಕೇಳಬೇಕಾದದ್ದು ಪದಕಗಳ ಬಗ್ಗೆ ಅಲ್ಲ. ತಲೆಗೆ ಜೋರಾಗಿ ಹೊಡೆಯುವ ಸ್ಪಾರಿಂಗ್ ವಾರಕ್ಕೆ ಎಷ್ಟು ಸಲ, ತಲೆನೋವು ಎಂದ ಹುಡುಗನಿಗೆ ಎಷ್ಟು ದಿನ ರಜೆ, ಕತ್ತಿನ ವ್ಯಾಯಾಮ ಯಾರು ಹೇಳಿಕೊಡುತ್ತಾರೆ, ನಾಕ್‌ಔಟ್ ಆದವನು ಕನಿಷ್ಠ ಒಂದು ತಿಂಗಳು ರಿಂಗ್‌ಗೆ ಇಳಿಯಬಾರದು ಎಂಬ ನಿಯಮವನ್ನು ಇಲ್ಲಿ ಪಾಲಿಸುತ್ತಾರೆಯೇ. "ಇವನಿಗೆ ಎಷ್ಟು ಹೊಡೆದರೂ ಏನೂ ಆಗಲ್ಲ ಸಾರ್" ಎಂದು ಕೋಚ್ ಹೆಮ್ಮೆಯಿಂದ ತೋರಿಸುವ ಹುಡುಗ ಅಲ್ಲೊಬ್ಬ ಇರಬಹುದು. ಮೊದಲು ಸ್ಕ್ಯಾನಿಂಗ್ ಮಾಡಿಸಬೇಕಾದದ್ದು ಅವನಿಗೆ.