ಅಗುಳಿಯ ವಿಚಾರ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಸುತ್ತಣ ಸೀಮೆಯು ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ ಪ್ರದೇಶ. 2007ರ ವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು, ಆ ವರ್ಷ ಹೊಸದಾಗಿ ಏರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಇಂತಹ ಸೀಮೆಯಲ್ಲಿ ಸಂಜೆಯ ಹೊತ್ತು ಕದವಿಕ್ಕುವಾಗ ಒಂದು ಮನೆಯಲ್ಲಿ ‘ಅಗುಳಿ’ ಎಂಬ ಮಾತು ಕೇಳಿಬಂದರೆ, ನೆರೆಮನೆಯಲ್ಲಿ ‘ಗಡಿಯ’ ಎಂಬ ತೆಲುಗು ಮಾತು ಕೇಳಿಬರುವುದು. ಮಾತು ಎರಡಾದರೂ ವಸ್ತು ಒಂದೇ. ಬಾಗಿಲನ್ನು ಒಳಗಿನಿಂದ ಭದ್ರಪಡಿಸುವ, ಬೀಗದ ಕೈಯ ಹಂಗಿಲ್ಲದ ಸಾಧನವದು. ಈ ವಸ್ತುವಿಗೆ ಕಾಲಕ್ರಮದಲ್ಲಿ ಒಂದು ಉಕ್ಕಿನ ಸುರುಳಿ ಸೇರಿ, ಅದು ತಾನಾಗಿಯೇ ಚಾಚಿಕೊಳ್ಳುವ ಶಕ್ತಿಯನ್ನು ಪಡೆಯಿತು. ಶಬ್ದದ ಚರಿತ್ರೆಯೂ ವಸ್ತುವಿನ ಚರಿತ್ರೆಯೂ ಇಲ್ಲಿ ಒಂದನ್ನೊಂದು ಬೆಳಗುವುದರಿಂದ ಎರಡನ್ನೂ ಕೂಡಿಸಿ ನೋಡುವುದು ಯುಕ್ತ.

ಅಗುಳಿಯೆಂಬುದು ಸಂಸ್ಕೃತದ ‘ಅರ್ಗಲ’ ಶಬ್ದದ ತದ್ಭವವೆಂಬುದು ನಿಘಂಟುಕಾರರ ಮತ. ಅಮರಸಿಂಹನು ಪುರವರ್ಗದಲ್ಲಿ ಕಪಾಟ, ಅರರ ಎಂಬ ಪರ್ಯಾಯಗಳನ್ನು ಹೇಳಿದೊಡನೆ, ಅದಕ್ಕೆ ವಿಷ್ಕಂಭವಾದುದು ಅರ್ಗಲವೆಂದು ವಿವರಿಸುತ್ತಾನೆ. ವಿಷ್ಕಂಭವೆಂದರೆ ಅಡ್ಡವಾಗಿ ನಿಂತು ತಡೆಯುವುದು, ಆನಿಕೆಯಾಗುವುದು. ಪಂಚಾಂಗದ ಇಪ್ಪತ್ತೇಳು ಯೋಗಗಳಲ್ಲಿ ಮೊದಲನೆಯದೂ, ನಾಟಕದ ಅಂಕಗಳ ನಡುವೆ ಬರುವ ವಿಷ್ಕಂಭಕವೂ ಈ ಮಾತಿನ ಬಳಗವೇ. ದುರ್ಗಾಸಪ್ತಶತಿಯ ಪಾರಾಯಣಕ್ಕೆ ಮುನ್ನ ಪಠಿಸುವ ಕವಚ, ಅರ್ಗಲಾ, ಕೀಲಕಗಳಲ್ಲಿ ಕಡೆಯ ಎರಡು ಬಾಗಿಲಿನ ಪರಿಕರಗಳಿಂದ ಹೆಸರು ಪಡೆದವುಗಳೆಂಬುದನ್ನು ಪಾರಾಯಣ ಮಾಡುವವರು ಅಷ್ಟಾಗಿ ಗಮನಿಸಿರಲಾರರು.

ದ್ರಾವಿಡ ಭಾಷೆಗಳಿಗೆ ತಮ್ಮದೇ ಆದ ಮಾತೊಂದು ಇದ್ದಿತು. ತಮಿಳಿನ ‘ತಾೞ್’ ಎಂಬುದು ಅಗುಳಿಗೆ ಹೆಸರು. ತಿರುಕ್ಕುಱಳಿನ ಪ್ರೀತಿಯ ಅಧಿಕಾರದ ಮೊದಲ ಪದ್ಯದಲ್ಲಿಯೇ ಈ ಮಾತು ಬಂದಿದೆ. ಅದೇ ಧಾತುವಿನ ತೆಲುಗು ರೂಪವಾದ ‘ತಾಳಮು’ ಇಂದು ಅಗುಳಿಯನ್ನಲ್ಲ, ಬೀಗವನ್ನು ಹೇಳುತ್ತದೆ. ವಸ್ತು ಬದಲಾದಾಗ ಹಳೆಯ ಹೆಸರು ಹೊಸ ವಸ್ತುವಿನ ಮೇಲೆ ಹೋಗಿ ಕುಳಿತುದಕ್ಕೆ ಇದು ಒಳ್ಳೆಯ ನಿದರ್ಶನ. ಬೀಗವನ್ನು ತೆರೆಯುವ ಸಾಧನಕ್ಕೆ ಹಳೆಯ ಮೈಸೂರಿನವರು ‘ಬೀಗದ ಕೈ’ ಎನ್ನುವರು, ಉತ್ತರದ ಕನ್ನಡಿಗರು ‘ಕೀಲಿಕೈ’ ಎನ್ನುವರು. ಇಬ್ಬರಿಗೂ ಅದು ಕೈ. ತೆಲುಗರಿಗೆ ಮಾತ್ರ ಅದು ‘ತಾಳಪುಚೆವಿ’, ಎಂದರೆ ತೋರಿಕೆಗೆ ಬೀಗದ ಕಿವಿ. ಹಿಂದೂಸ್ಥಾನಿಯ ‘ಚಾಬಿ’ಯೂ ತಮಿಳಿನ ‘ಸಾವಿ’ಯೂ ಪೋರ್ಚುಗೀಸರ ‘ಚಾವೆ’ ಶಬ್ದದಿಂದ ಬಂದವು. ತೆಲುಗಿನ ಚೆವಿಯೂ ಅದೇ ಹಡಗಿನಲ್ಲಿ ಬಂದು, ದಡ ಸೇರಿದ ಮೇಲೆ ಕಿವಿಯ ವೇಷ ತೊಟ್ಟಿತೋ ಎಂಬ ಸಂಶಯಕ್ಕೆ ಅವಕಾಶವುಂಟು. ಅದು ಹೇಗೇ ಇರಲಿ, ಕೈಗೆ ಇಷ್ಟು ಹೆಸರುಗಳು ಬೇಕಾದುವು. ಅಗುಳಿಗೆ ಕೈಯೇ ಬೇಡವಾದುದರಿಂದ ಅದರ ಹೆಸರು ಅಷ್ಟಾಗಿ ಅಲೆದಾಡಲಿಲ್ಲ.

ಹಳೆಯ ಮನೆಗಳ ಅಗುಳಿಯ ರಚನೆ ಸರಳವಾದುದು. ದಪ್ಪನಾದ ಮಣ್ಣಿನ ಅಥವಾ ಕಲ್ಲಿನ ಗೋಡೆಯಲ್ಲಿ, ಬಾಗಿಲವಾಡದ ಒಂದು ಮಗ್ಗುಲಿಗೆ ಮಾರುದ್ದದ ಬಿಲವನ್ನು ಬಿಟ್ಟಿರುವರು. ಹಗಲಿನಲ್ಲಿ ಮರದ ತೊಲೆಯು ಆ ಬಿಲದೊಳಗೆ ಅಡಗಿ ತುದಿಯನ್ನು ಮಾತ್ರ ತೋರುತ್ತಿರುವುದು. ರಾತ್ರಿ ಅದನ್ನು ಎಳೆದು, ಎರಡು ಕದಗಳಿಗೂ ಅಡ್ಡಲಾಗಿ ತಂದು, ಎದುರು ಗೋಡೆಯ ಕುಳಿಯಲ್ಲಿ ನಾಟಿಸುವರು. ಹೊರಗಿನಿಂದ ನೂಕುವವನ ಬಲವೆಲ್ಲ ಕದದ ಮೇಲೆ ಬಿದ್ದು, ಕದದಿಂದ ತೊಲೆಗೆ, ತೊಲೆಯಿಂದ ಎರಡು ಗೋಡೆಗಳಿಗೆ ಹಂಚಿಹೋಗುವುದು. ಗೋಡೆಯೇ ಬೀಳದೆ ಬಾಗಿಲು ಬೀಳದು.

ಕೋಟೆಯ ಬಾಗಿಲಿಗೂ ಕ್ರಮ ಇದೇ, ಅಳತೆ ಮಾತ್ರ ದೊಡ್ಡದು. ಮೈಸೂರಿನ ಪ್ರಾಚ್ಯಕೋಶಾಗಾರದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ದುರ್ಗವಿಧಾನ ಪ್ರಕರಣದಲ್ಲಿ ಒಂದು ಅರತ್ನಿಯ, ಎಂದರೆ 24 ಅಂಗುಲದ ಇಂದ್ರಕೀಲವನ್ನೂ, ಆನೆಗಳನ್ನು ತಡೆಯತಕ್ಕ ನಾಲ್ಕು ಪರಿಘಗಳನ್ನೂ ವಿಧಿಸಿದೆ. ಕಾಳಿದಾಸನು ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನ ತೋಳುಗಳನ್ನು ನಗರದ ಪರಿಘಕ್ಕೆ ಹೋಲಿಸಿರುವುದು ಇಂತಹ ತೊಲೆಯನ್ನು ಕಣ್ಣಾರೆ ಕಂಡವರಿಗೆ ಮಾತ್ರ ಪೂರ್ಣವಾಗಿ ರುಚಿಸೀತು. ತರಗತಿಯಲ್ಲಿ ಈ ಉಪಮೆಯನ್ನು ವಿವರಿಸುವ ಉಪಾಧ್ಯಾಯರಿಗೆ ಇಂದಿನ ಬೆರಳುದ್ದದ ಅಗುಳಿಯು ಸಹಾಯಕ್ಕೆ ಬಾರದು.

ಅಗುಳಿಯು ಇಷ್ಟು ಬಲವಾದುದಾಗಿದ್ದುದರಿಂದಲೇ ಕಳ್ಳನು ಬಾಗಿಲನ್ನು ಬಿಟ್ಟು ಗೋಡೆಯನ್ನು ಹಿಡಿದನು. ‘ಕನ್ನ’ವೆಂಬ ಕನ್ನಡ ಶಬ್ದದ ಹಿಂದಿರುವ ಇತಿಹಾಸವು ಇಷ್ಟೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆಯು ಆ ಕಸುಬಿನ ಹೆಸರನ್ನೇ ತನ್ನ ಹೆಸರಿನೊಡನೆ ಉಳಿಸಿಕೊಂಡನು. ಶೂದ್ರಕನ ಮೃಚ್ಛಕಟಿಕದ ಶರ್ವಿಲಕನೂ ಚಾರುದತ್ತನ ಮನೆಗೆ ಕನ್ನವನ್ನೇ ಕೊರೆಯುತ್ತಾನೆ. ಅಳತೆಯ ದಾರವನ್ನು ಮರೆತುಬಂದ ಆತನು ಜನಿವಾರದ ಉಪಯೋಗಗಳನ್ನು ಎಣಿಸುವ ಹಾಸ್ಯಪ್ರಸಂಗವು ಸಂಸ್ಕೃತಜ್ಞರಿಗೆ ಪರಿಚಿತವಾದುದೇ. ಗೋಡೆಯನ್ನು ಅಳೆಯಲು, ಒಡವೆಯ ಕೊಂಡಿಯನ್ನು ಸಡಿಲಿಸಲು, ಹಾವು ಕಚ್ಚಿದಾಗ ಕಟ್ಟಲು ಅದು ಬರುತ್ತದೆ. ಇವುಗಳ ನಡುವೆ, ಯಂತ್ರದಿಂದ ಬಿಗಿದ ಕದವನ್ನು ತೆರೆಯುವುದಕ್ಕೂ ಬರುತ್ತದೆಯೆಂದು ಆತನು ಹೇಳುವ ಮಾತು ಪ್ರಕೃತಕ್ಕೆ ಬಹುಮುಖ್ಯ. ನೂಲಿನ ಎಳೆಗೆ ಬಗ್ಗಬೇಕಾದರೆ ಆ ಯಂತ್ರವು ಭಾರವಾದ ತೊಲೆಯಾಗಿರಲಾರದು. ಹಗುರವಾದ, ಸಂದಿನಿಂದ ಕುಣಿಕೆ ಹಾಕಿ ಎಳೆಯಬಹುದಾದ ಚಿಲಕದಂತಹುದಾಗಿರಬೇಕು. ಕೈಯಿಲ್ಲದ ಹಗುರ ಅಗುಳಿಗೆ ಸಂದಿನ ಭಯವು ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ತೊಲೆಯಗುಳಿಗೆ ಒಂದು ಕೊರತೆಯಿದ್ದಿತು. ಅದನ್ನು ಹಾಕುವವನು ಒಳಗೇ ಇರಬೇಕು. ಎಲ್ಲರೂ ಹೊಲಕ್ಕೋ ಜಾತ್ರೆಗೋ ಹೊರಟರೆ ಕಡೆಯವನು ಬಾಗಿಲನ್ನು ಭದ್ರಪಡಿಸುವ ಬಗೆಯಿಲ್ಲ. ಬೀಗವು ಈ ಕೊರತೆಯನ್ನು ನೀಗಿಸಿತು. ಆದರೆ ಅದಕ್ಕೆ ಕೈ ಬೇಕು, ಹಾಕುವ ನೆನಪೂ ಬೇಕು. ನೆನಪಿನ ಈ ಹೊರೆಯನ್ನು ಮನುಷ್ಯನ ತಲೆಯಿಂದ ಇಳಿಸಿ ಲೋಹದ ಮೇಲೆ ಹೊರಿಸಿದುದೇ ಸುರುಳಿಯ ಕೆಲಸ.

ಬಾಗಿಸಿದುದು ಮರಳಿ ತನ್ನ ನಿಲುವಿಗೆ ಬರುವ ಗುಣವನ್ನು ಬಿಲ್ಲು ಹಿಡಿದ ಕಾಲದಿಂದಲೂ ಜನರು ಬಲ್ಲರು. ಪಾರಸಿಯ ‘ಕಮಾನ್’ ಎಂದರೆ ಬಿಲ್ಲು. ಹಿಂದೂಸ್ಥಾನಿಯಲ್ಲಿ ಸುರುಳಿಗೆ ‘ಕಮಾನಿ’ ಎಂಬ ಹೆಸರು ಹುಟ್ಟಿದುದು ಅದರಿಂದಲೇ. ರೋಮನರೂ ಚೀನೀಯರೂ ಉಪಯೋಗಿಸುತ್ತಿದ್ದ ತೂಗುಬೀಗಗಳಲ್ಲಿ ರೆಕ್ಕೆಯಂತೆ ಬಿಚ್ಚಿಕೊಳ್ಳುವ ಲೋಹದ ಪಟ್ಟಿಗಳಿದ್ದುವು. ಒಳಗೆ ನೂಕಿದಾಗ ಮುದುಡಿ, ಒಳಹೊಕ್ಕ ಮೇಲೆ ಅರಳಿ, ಹಿಂದಕ್ಕೆ ಬರಗೊಡದಂತೆ ಅವು ತಡೆಯುತ್ತಿದ್ದುವು. ಎಷ್ಟು ಎಳೆದರೆ ಅಷ್ಟು ಪ್ರತಿಬಲವೆಂಬ ನಿಯಮವನ್ನು ಖಚಿತವಾಗಿ ಹೇಳಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. ಆತನು 1676ರಲ್ಲಿ ಈ ನಿಯಮವನ್ನು ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚುಮಾಡಿಸಿ, 1678ರಲ್ಲಿ ಅದನ್ನು ಬಿಡಿಸಿ ಹೇಳಿದನು. ಕನಕದಾಸರ ಮುಂಡಿಗೆಗಳನ್ನು ಬಲ್ಲ ಕನ್ನಡಿಗರಿಗೆ ಈ ಚಾಳಿ ಹೊಸದೆನಿಸದು. ಹಳೆಯ ಕನ್ನಡದಲ್ಲಿ ಬಾಗಿಲ ಅಗುಳಿಗೆ ‘ಲಾಳಮುಂಡಿಗೆ’ ಎಂಬ ಹೆಸರೂ ಇರುವುದರಿಂದ, ಬಿಗಿದ ಬಾಗಿಲಿಗೂ ಬಿಗಿದ ಅರ್ಥಕ್ಕೂ ಒಂದೇ ಮಾತು ಸಂದಿತೆಂದು ಹೇಳುವ ಆಸೆ ಯಾರಿಗಾದರೂ ಹುಟ್ಟಬಹುದು; ಆದರೆ ಅಷ್ಟು ದೂರ ಹೋಗುವುದಕ್ಕೆ ಆಧಾರ ಸಾಲದು.

ಸುರುಳಿ ಕೂಡಿದ ಅಗುಳಿಗೆ ಕನ್ನಡದಲ್ಲಿ ನೆಲೆಯಾದ ಹೆಸರಿಲ್ಲ. ಬಡಗಿಗಳು ‘ಸ್ಪ್ರಿಂಗ್ ಬೋಲ್ಟು’ ಎನ್ನುವರು. ಹೇಳುವ ಅನುಕೂಲಕ್ಕಾಗಿ ಇಲ್ಲಿ ‘ಚಿಮ್ಮಗುಳಿ’ ಎಂದು ಕರೆದಿದೆ. ಅದರ ಮೂತಿ ಒಂದು ಮಗ್ಗುಲಿಗೆ ಇಳಿಜಾರಾಗಿಯೂ ಇನ್ನೊಂದು ಮಗ್ಗುಲಿಗೆ ನೆಟ್ಟಗೂ ಇರುತ್ತದೆ. ಬೆನ್ನಿಗೆ ಸುರುಳಿಯು ಒತ್ತಿ ನಿಂತಿರುತ್ತದೆ. ಕದವು ಮುಚ್ಚುತ್ತ ಬಂದಂತೆ ಇಳಿಜಾರು ಬಾಗಿಲವಾಡದ ತಗಡಿಗೆ ತಗಲಿ, ಕದದ ಚಲನೆಯೇ ಅಗುಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಸುರುಳಿ ಮುದುಡುತ್ತದೆ. ಮೂತಿಯು ತಗಡಿನ ಕುಳಿಯ ಎದುರಿಗೆ ಬಂದೊಡನೆ ತಡೆ ತಪ್ಪಿ, ಸುರುಳಿಯು ಅದನ್ನು ಕುಳಿಯೊಳಕ್ಕೆ ಚಿಮ್ಮುತ್ತದೆ. ಮರಳಿ ಎಳೆದರೆ ಕುಳಿಯ ಅಂಚಿಗೆ ತಾಗುವುದು ನೆಟ್ಟಗಿನ ಮಗ್ಗುಲು. ಅಲ್ಲಿ ಜಾರುವುದಕ್ಕೆ ದಾರಿಯಿಲ್ಲ. ತೆರೆಯಬೇಕಾದರೆ ಗುಬುಟನ್ನು ಹಿಡಿದು ಅಗುಳಿಯನ್ನೇ ಹಿಂದಕ್ಕೆ ಸರಿಸಬೇಕು.

ಇಳಿಜಾರು ಈ ಸಾಧನದ ಗುಣವೂ ಹೌದು, ದೋಷವೂ ಹೌದು. ಬಾಗಿಲವಾಡದ ತಗಡು ಯಾವ ಇಳಿಜಾರನ್ನು ಒತ್ತಿ ಅಗುಳಿಯನ್ನು ಸರಿಸಿತೋ, ಅದೇ ಇಳಿಜಾರನ್ನು ಸಂದಿನಲ್ಲಿ ತೂರಿಸಿದ ತೆಳುವಾದ ಪಟ್ಟಿಯೂ ಒತ್ತಿ ಸರಿಸಬಲ್ಲುದು. ಶರ್ವಿಲಕನ ನೂಲಿನ ಸ್ಥಾನಕ್ಕೆ ಪಟ್ಟಿ ಬಂದಿತು, ಅಷ್ಟೆ. ಇದಕ್ಕೆ ಪ್ರತಿಯಾಗಿ ಅಗುಳಿಯ ಪಕ್ಕದಲ್ಲಿ ಒಂದು ಚಿಕ್ಕ ಕಡ್ಡಿಯನ್ನಿಟ್ಟು, ಕದ ಮುಚ್ಚಿರುವಾಗ ಅದು ಅದುಮಿಕೊಂಡಿದ್ದರೆ ಅಗುಳಿಯು ಪಟ್ಟಿಯ ಒತ್ತಡಕ್ಕೆ ಹಿಂದೆ ಸರಿಯದಂತೆ ಮಾಡಿದ ರಚನೆಗಳುಂಟು. ಸುರುಳಿಯಿಲ್ಲದ, ಕೈಯಿಂದಲೇ ಸರಿಸುವ ಅಗುಳಿಗೆ ಈ ಭಯವಿಲ್ಲ.

ಬೀಗದ ಕೈ ಬೇಡವೆಂಬ ಗುಣದ ಬೆಲೆ ಕಳ್ಳರ ಮಾತಿನಲ್ಲಲ್ಲ, ಪ್ರಾಣಾಪಾಯದ ಮಾತಿನಲ್ಲಿ ತಿಳಿದುಬರುತ್ತದೆ. ಇಂಗ್ಲೆಂಡಿನ ಸಂಡರ್‌ಲೆಂಡ್ ಪಟ್ಟಣದ ವಿಕ್ಟೋರಿಯಾ ಹಾಲ್‌ನಲ್ಲಿ 1883ರ ಜೂನ್ 16ರಂದು ಮಕ್ಕಳಿಗಾಗಿ ಒಂದು ಪ್ರದರ್ಶನ ನಡೆಯಿತು. ಕೊನೆಯಲ್ಲಿ ಬಹುಮಾನ ಹಂಚುವ ವಾರ್ತೆ ಕೇಳಿ ಮೇಲಂತಸ್ತಿನ ಮಕ್ಕಳು ಮೆಟ್ಟಿಲಿಳಿದು ಧಾವಿಸಿದರು. ಕೆಳಗಿನ ಬಾಗಿಲು ಒಳಮುಖವಾಗಿ ತೆರೆಯತಕ್ಕದ್ದು. ಒಂದು ಮಗು ಮಾತ್ರ ನುಸುಳುವಷ್ಟು ಸಂದನ್ನು ಬಿಟ್ಟು ಅದಕ್ಕೆ ಅಗುಳಿ ಹಾಕಿದ್ದಿತು. ಮುಂದಿದ್ದವರು ಸಿಕ್ಕಿಕೊಂಡರು, ಹಿಂದಿನವರಿಗೆ ಅದು ತಿಳಿಯಲಿಲ್ಲ. 183 ಮಕ್ಕಳು ಸತ್ತರು. ಈ ದುರಂತದಿಂದ ಪ್ರೇರಿತನಾದ ರಾಬರ್ಟ್ ಅಲೆಗ್ಸಾಂಡರ್ ಬ್ರಿಗ್ಸ್ ಎಂಬಾತನು ಒಳಗಿನಿಂದ ಮೈಯ ಭಾರ ಬಿದ್ದರೂ ಸಾಕು, ತಾನಾಗಿ ತೆರೆದುಕೊಳ್ಳುವ ಅಗುಳಿಯನ್ನು ರಚಿಸಿ 1892ರಲ್ಲಿ ಅದರ ಹಕ್ಕನ್ನು ಪಡೆದನು. ಹೊರಗಿನವನಿಗೆ ಮುಚ್ಚಿರಬೇಕು, ಒಳಗಿನವನಿಗೆ ಎಂದೂ ಮುಚ್ಚಿರಬಾರದು ಎಂಬುದು ಅದರ ಸೂತ್ರ. ತೊಲೆಯಗುಳಿಯೂ ಕೈಯಿಲ್ಲದುದೇ, ಆದರೆ ಕತ್ತಲಲ್ಲಿ, ಹೊಗೆಯಲ್ಲಿ, ನೂಕುನುಗ್ಗಲಿನಲ್ಲಿ ಅದನ್ನು ಹುಡುಕಿ ಎಳೆಯುವ ವ್ಯವಧಾನ ಯಾರಿಗಿದ್ದೀತು?

ಸಾದಲಿಯ ಸೀಮೆಗೆ ಮರಳಿದರೆ, ಅಲ್ಲಿ ಈ ಸಾಧನಕ್ಕೆ ಮತ್ತೊಂದು ಬಗೆಯ ಕೆಲಸ ಕಾದಿದೆ. ಶಿಡ್ಲಘಟ್ಟವು ರೇಷ್ಮೆಗೂಡಿನ ಮಾರುಕಟ್ಟೆಗೂ ನೂಲು ಬಿಚ್ಚಾಣಿಕೆಗೂ ಹೆಸರಾದ ಪಟ್ಟಣ. ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟಗಳೂ ಹುಳುಮನೆಗಳೂ ಉಂಟು. 1980ರಲ್ಲಿ ಕರ್ನಾಟಕಕ್ಕೆ ಊಜಿ ನೊಣವು ಕಾಲಿಟ್ಟಿತು. ಅದಕ್ಕೆ ಮುಂಚೆ ಈ ನೊಣವು ಬಂಗಾಳದ ಕಡೆಯಲ್ಲಿ ಇದ್ದಿತು. ಹೆಣ್ಣು ನೊಣವು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಯು ಒಡೆದು ಬಂದು ಹುಳುವಿನ ಒಡಲನ್ನು ಕೊರೆದು ಒಳಸೇರುತ್ತದೆ. ಹೊಕ್ಕೆಡೆಯಲ್ಲಿ ಒಂದು ಕಪ್ಪು ಚುಕ್ಕೆ ಮಾತ್ರ ಉಳಿಯುತ್ತದೆ. ಇದೂ ಒಂದು ಕನ್ನವೇ. ಹುಳು ಚಂದ್ರಿಕೆಯನ್ನೇರುವ ಮೊದಲೇ ಸಾಯಬಹುದು. ಗೂಡು ಕಟ್ಟಿದರೂ ಒಳಗಿನ ಮರಿಯು ಗೂಡನ್ನು ತೂತುಮಾಡಿಕೊಂಡು ಹೊರಬೀಳುವುದರಿಂದ ಎಳೆ ಕತ್ತರಿಸಿಹೋಗಿ ಆ ಗೂಡು ಬಿಚ್ಚಾಣಿಕೆಗೆ ಒದಗದು.

ಈ ನೊಣಕ್ಕೆ ಬೀಗ ತಿಳಿಯದು, ತೆರೆದ ಬಾಗಿಲು ತಿಳಿಯುತ್ತದೆ. ಆದಕಾರಣ ಹುಳುಮನೆಯ ಕಿಟಕಿ ಬಾಗಿಲುಗಳಿಗೆ ಬಲೆ ಹೊದಿಸಬೇಕು, ಮುಂದೆ ಒಂದು ಚಿಕ್ಕ ಕೋಣೆಯಿರಬೇಕು, ಕದಗಳು ತಾವಾಗಿ ಮುಚ್ಚಿಕೊಳ್ಳಬೇಕು ಎಂದು ರೇಷ್ಮೆತಜ್ಞರು ವಿಧಿಸುವರು. ಕಡೆಯ ಮಾತಿನಲ್ಲಿ ಅನುಭವ ಅಡಗಿದೆ. ಹುಳುಗಳು ಐದನೆಯ ಹಂತಕ್ಕೆ ಬಂದು ಹೆಚ್ಚು ಸೊಪ್ಪು ಬೇಡುವ ದಿನಗಳಲ್ಲಿ ಮನೆಯವರು ಸೊಪ್ಪಿನ ಹೊರೆ ಹೊತ್ತು ಮತ್ತೆ ಮತ್ತೆ ಒಳಹೊರಗೆ ಓಡಾಡುವರು. ಎರಡು ಕೈಯೂ ತುಂಬಿರುವಾಗ ಹಿಂದಕ್ಕೆ ತಿರುಗಿ ಚಿಲಕ ಹಾಕುವವರಾರು? ಕೀಲಿನ ಬಳಿಯ ಒಂದು ಸುರುಳಿ ಕದವನ್ನು ಎಳೆದು ಮುಚ್ಚಿದರೆ, ಅಂಚಿನ ಚಿಮ್ಮಗುಳಿಯು ಅದನ್ನು ಗಾಳಿಗೂ ನಾಯಿಗೂ ಅಲುಗದಂತೆ ಹಿಡಿಯುತ್ತದೆ. ಮುಚ್ಚುವ ಸುರುಳಿ ಇದ್ದು ಹಿಡಿಯುವ ಅಗುಳಿ ಇಲ್ಲದಿದ್ದರೆ ಕದವು ಗಾಳಿಗೆ ಆಡುತ್ತ ಬೆರಳಗಲದ ಸಂದನ್ನು ಬಿಡುವುದು. ನೊಣಕ್ಕೆ ಅಷ್ಟೇ ಸಾಕು. ಒಳಗಿರುವವರಿಗಾಗಿ ಗುಬುಟು ಎರಡು ಮಗ್ಗುಲಿಗೂ ಇರಬೇಕು, ಮೊಣಕೈಯಿಂದ ಒತ್ತಿದರೂ ಇಳಿಯುವ ಹಿಡಿಯಾದರೆ ಇನ್ನೂ ಮೇಲು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರತಿ ಬೆಳೆಗೆ ಮುನ್ನ ಹುಳುಮನೆಯನ್ನು ಬ್ಲೀಚಿಂಗ್ ಪುಡಿಯೇ ಮೊದಲಾದ ಸೋಂಕುನಿವಾರಕಗಳಿಂದ ತೊಳೆಯುವ ಪದ್ಧತಿಯಿದೆ. ಅದರ ಕ್ಲೋರಿನ್ ಅಂಶವು ಕಬ್ಬಿಣವನ್ನು ತಿನ್ನುತ್ತದೆ. ದಪ್ಪನೆಯ ಅಗುಳಿ ತುಕ್ಕು ಹಿಡಿದೂ ಬಹುಕಾಲ ಬಾಳಬಹುದು. ತಂತಿಯಷ್ಟು ತೆಳುವಾದ ಸುರುಳಿಯು ಮೊದಲು ಸೋಲುತ್ತದೆ, ಸೋತುದು ಹೊರಗೆ ಕಾಣುವುದೂ ಇಲ್ಲ. ಕದವು ಮುಚ್ಚಿದಂತೆಯೇ ತೋರುತ್ತಿದ್ದು, ಅಗುಳಿಯು ಮಾತ್ರ ಕುಳಿಗೆ ಇಳಿಯದೆ ನಿಂತಿರುತ್ತದೆ. ಆದುದರಿಂದ ತೊಳೆದ ಮೇಲೆ ಒಳ್ಳೆಯ ನೀರಿನಿಂದ ಒರೆಸಿ, ಒಣಗಿದೊಡನೆ ಒಂದೆರಡು ತೊಟ್ಟು ಎಣ್ಣೆ ಬಿಟ್ಟು, ಕದವನ್ನು ಒಮ್ಮೆ ಮೆಲ್ಲನೆ ಬಿಟ್ಟು ಅಗುಳಿ ಚಿಮ್ಮುವ ಸದ್ದು ಕೇಳುವುದೋ ಇಲ್ಲವೋ ಎಂದು ಕಿವಿಗೊಡಬೇಕು.