ಪಶು ಆಹಾರ ಒಣಗಿಸುವ ಬೆಂಕಿಯೂ ಹಾಲಿನ ಶುದ್ಧತೆಯೂ

2008ರ ಡಿಸೆಂಬರ್ 6ರಂದು ಐರ್ಲೆಂಡ್ ಸರ್ಕಾರವು, ಆ ವರ್ಷದ ಸೆಪ್ಟೆಂಬರ್ 1ರಿಂದೀಚೆಗೆ ದೇಶದಲ್ಲಿ ತಯಾರಾದ ಎಲ್ಲ ಹಂದಿಮಾಂಸ ಉತ್ಪನ್ನಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿತು. ಕಾರಣ ಹುಡುಕುತ್ತ ಹೊರಟ ಅಧಿಕಾರಿಗಳು ಬಂದು ನಿಂತದ್ದು, ಪಶು ಆಹಾರಕ್ಕಾಗಿ ಬೇಕರಿ ತ್ಯಾಜ್ಯವನ್ನು ಒಣಗಿಸುತ್ತಿದ್ದ ಒಂದೇ ಒಂದು ಘಟಕದ ಮುಂದೆ. ಬ್ರೆಡ್ಡಿನ ಚೂರುಗಳಲ್ಲಿ ದೋಷವಿರಲಿಲ್ಲ. ದೋಷವಿದ್ದುದು ಡ್ರೈಯರ್‌ನಲ್ಲಿ ಉರಿಸಿದ ಎಣ್ಣೆಯಲ್ಲಿ. ಹಿಂದೆ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬಳಕೆಯಲ್ಲಿದ್ದ ಪಿಸಿಬಿ ಎಂಬ ರಾಸಾಯನಿಕ ಅದರಲ್ಲಿ ಬೆರೆತಿತ್ತು. ಉರಿಯ ಹೊಗೆಯು ನೇರವಾಗಿ ಆಹಾರದ ಮೇಲೆ ಹಾಯುತ್ತಿತ್ತು. ಆ ಸರಕು ಹಂದಿ ಸಾಕಣೆ ಕೇಂದ್ರಗಳಿಗಷ್ಟೇ ಅಲ್ಲದೆ ಹಲವು ದನದ ಕೊಟ್ಟಿಗೆಗಳಿಗೂ ತಲುಪಿತ್ತು. ಮಾಂಸ ಸಂಸ್ಕರಣಾ ಉದ್ಯಮಕ್ಕೆ ಸರ್ಕಾರವು 18 ಕೋಟಿ ಯೂರೋಗಳ ನೆರವು ಒದಗಿಸಬೇಕಾಯಿತು.

ಇದು ಮೊದಲ ಪ್ರಸಂಗವೇನಲ್ಲ. 2003ರಲ್ಲಿ ಜರ್ಮನಿಯಲ್ಲಿಯೂ ಬೇಕರಿ ತ್ಯಾಜ್ಯವೇ ಕೆಟ್ಟಿತ್ತು; ಅಲ್ಲಿ ಉರಿಸಿದ್ದು ಬಳಸಿ ಬಿಸಾಡಿದ ಮರ.

ಬಣ್ಣ, ಸಂರಕ್ಷಕ ಲೇಪ ಅಥವಾ ಪಿವಿಸಿ ಅಂಟಿದ ಇಂಧನ ಉರಿದಾಗ ಅದರಲ್ಲಿನ ಕ್ಲೋರಿನ್ ಬಿಡುಗಡೆಯಾಗುತ್ತದೆ. ಹೊಗೆಯು 400ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ತಣಿಯುವ ಹಂತದಲ್ಲಿ ಡಯಾಕ್ಸಿನ್‌ಗಳು ರೂಪುಗೊಳ್ಳುತ್ತವೆ. ಇವು ನೀರಿನಲ್ಲಿ ಕರಗವು, ಕೊಬ್ಬಿನಲ್ಲಿ ಕರಗುತ್ತವೆ. ಹೀಗಾಗಿ ಹಸುವಿನ ದೇಹದಿಂದ ಇವು ಹೊರಬೀಳುವ ಮುಖ್ಯ ದಾರಿ ಹಾಲಿನ ಜಿಡ್ಡು. ಪಾಶ್ಚರೀಕರಣದ ಶಾಖ ಇವುಗಳಿಗೆ ಲೆಕ್ಕಕ್ಕೇ ಇಲ್ಲ. ಬೆಣ್ಣೆ, ತುಪ್ಪಗಳಿಗೆ ಇವು ಜಿಡ್ಡಿನೊಡನೆಯೇ ಸಾಗುತ್ತವೆ.

ಒಂದು ಲೆಕ್ಕ ನೋಡಬಹುದು. ಕಿಲೋಗ್ರಾಮಿಗೆ 10 ನ್ಯಾನೋಗ್ರಾಮ್ ಡಯಾಕ್ಸಿನ್ ಇರುವ ಸರಕನ್ನು ಹಸುವೊಂದು ದಿನಕ್ಕೆ 2 ಕಿಲೋ ತಿಂದರೆ ಒಳಸೇರುವುದು 20 ನ್ಯಾನೋಗ್ರಾಮ್. ಒಂದು ನ್ಯಾನೋಗ್ರಾಮ್ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಅತ್ಯಂತ ವಿಷಕಾರಿ ರೂಪಗಳಲ್ಲಿ ಸುಮಾರು ಶೇ. 30ರಷ್ಟು ಹಾಲಿಗೆ ಇಳಿಯುತ್ತದೆ, ಅಂದರೆ 6 ನ್ಯಾನೋಗ್ರಾಮ್. ಶೇ. 4 ಜಿಡ್ಡಿನ 20 ಲೀಟರ್ ಹಾಲಿನಲ್ಲಿ 800 ಗ್ರಾಮ್ ಕೊಬ್ಬು. ಗ್ರಾಮ್ ಕೊಬ್ಬಿಗೆ 7.5 ಪಿಕೋಗ್ರಾಮ್ ಬಿತ್ತು. ಐರೋಪ್ಯ ಒಕ್ಕೂಟ ಹಾಲಿಗೆ ವಿಧಿಸಿರುವ ಮಿತಿ 2 ಪಿಕೋಗ್ರಾಮ್. ಆಹಾರ ಬದಲಿಸಿದರೂ ಹಾಲು ತಿಳಿಯಾಗಲು ವಾರಗಳು ಹಿಡಿಯುತ್ತವೆ, ಏಕೆಂದರೆ ಹಸುವಿನ ಮೈಕೊಬ್ಬಿನಲ್ಲಿ ಕೂಡಿಟ್ಟದ್ದು ನಿಧಾನವಾಗಿ ಇಳಿಯುತ್ತಿರುತ್ತದೆ.

ಖರೀದಿ ವ್ಯವಹಾರದಲ್ಲಿ ತೇವಾಂಶ, ಪ್ರೋಟೀನ್, ನಾರು, ಮರಳು-ಸಿಲಿಕಾಗಳನ್ನು ನೋಡಿ ದರ ಕಟ್ಟುವುದು ರೂಢಿ. ಇವುಗಳಲ್ಲಿ ಯಾವುದೂ ಡಯಾಕ್ಸಿನ್‌ನ ಸುಳಿವು ಕೊಡದು. ಅದರ ಪರೀಕ್ಷೆಯೋ ಬಹು ದುಬಾರಿ. ಪ್ರತಿ ಲಾರಿಗೂ ಮಾಡಿಸುವ ಮಾತೇ ಇಲ್ಲ. ಆದುದರಿಂದ ಒಣಗಿಸಿದ ಸರಕು ಕೊಳ್ಳುವ ವರ್ತಕರು ಮೊದಲು ವಿಚಾರಿಸಬೇಕಾದುದು ಡ್ರೈಯರ್‌ನಲ್ಲಿ ಏನು ಉರಿಯುತ್ತಿದೆ, ಹೊಗೆ ಸರಕನ್ನು ಮುಟ್ಟುತ್ತದೆಯೇ ಎಂಬುದನ್ನು. ಬಿಸಿಗಾಳಿಯನ್ನಷ್ಟೇ ಹಾಯಿಸುವ ಪರೋಕ್ಷ ಡ್ರೈಯರ್‌ಗೆ ಬಂಡವಾಳವೂ ಇಂಧನವೂ ಹೆಚ್ಚು ಬೇಕು, ಸಣ್ಣ ಘಟಕಗಳಿಗೆ ಇದು ಹೊರೆಯೇ ಸರಿ. ನೇರ ಉರಿಯಲ್ಲೇ ಕೆಲಸ ನಡೆಸುವವರು ಬಣ್ಣ ಬಳಿದ ಹಳೆಯ ಬಾಗಿಲು-ಕಿಟಕಿ, ಪ್ಲೈವುಡ್ ಚೂರು, ಬಳಸಿದ ಎಣ್ಣೆಗಳನ್ನು ಕುಲುಮೆಯ ಬಳಿಗೇ ತರದೆ, ಇಂಧನದ ಬಿಲ್ಲುಗಳನ್ನೂ ಪ್ರತಿ ಕಂತಿನ ಸರಕಿನ ಮಾದರಿಯನ್ನೂ ತೆಗೆದಿರಿಸುವುದು ಒಳಿತು.