ಮನೆಯ ಮೇಲ್ಛಾವಣಿಯ ಸೌರ ವಿದ್ಯುತ್ ಘಟಕ: ನಿಯಮಗಳಲ್ಲಿ ಆಗಿರುವ ಬದಲಾವಣೆಗಳು ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಪೀಠಿಕೆ

ವಿದ್ಯುಚ್ಛಕ್ತಿಯ ಬೇಡಿಕೆಯು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದು, ಕಲ್ಲಿದ್ದಲಿನಂತಹ ಇಂಧನಗಳ ಬಳಕೆಯಿಂದ ಪರಿಸರದ ಮೇಲೆ ಆಗುವ ದುಷ್ಪರಿಣಾಮವನ್ನು ಕಡಿಮೆ ಮಾಡುವ ಉದ್ದೇಶದಿಂದ ನವೀಕರಿಸಬಹುದಾದ ಇಂಧನ ಮೂಲಗಳಿಗೆ ಆದ್ಯತೆ ನೀಡಲಾಗುತ್ತಿದೆ. 2010ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಅಭಿಯಾನದ ಮೂಲ ಗುರಿಯು 2022ರ ವೇಳೆಗೆ 20,000 ಮೆಗಾವ್ಯಾಟ್ ಆಗಿತ್ತು. 2015ರಲ್ಲಿ ಸದರಿ ಗುರಿಯನ್ನು 1,00,000 ಮೆಗಾವ್ಯಾಟ್‌ಗೆ ಹೆಚ್ಚಿಸಿ, ಅದರಲ್ಲಿ 40,000 ಮೆಗಾವ್ಯಾಟ್‌ನ್ನು ಮೇಲ್ಛಾವಣಿ ಘಟಕಗಳಿಗೆ ನಿಗದಿಪಡಿಸಲಾಯಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ನಿರ್ಮಾಣಗೊಂಡಂತೆ ದೊಡ್ಡ ಘಟಕಗಳು ಶೀಘ್ರವಾಗಿ ಬೆಳೆದವು. ಆದರೆ ಮನೆಗಳ ಮೇಲ್ಛಾವಣಿ ಘಟಕಗಳು ಅದೇ ವೇಗದಲ್ಲಿ ಬೆಳೆಯಲಿಲ್ಲ. ಆರಂಭಿಕ ವೆಚ್ಚ ಹೆಚ್ಚಾಗಿದ್ದುದು ಹಾಗೂ ಅನುಮತಿ ಪಡೆಯುವ ವಿಧಾನವು ದೀರ್ಘವಾಗಿದ್ದುದು ಇದಕ್ಕೆ ಮುಖ್ಯ ಕಾರಣಗಳಾಗಿದ್ದವು.

ಈ ಎರಡು ತೊಡಕುಗಳನ್ನು ನಿವಾರಿಸಲು 2024ರಲ್ಲಿ ಸಹಾಯಧನ ಯೋಜನೆಯಲ್ಲಿಯೂ, ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿಯೂ ಪ್ರಮುಖ ಬದಲಾವಣೆಗಳನ್ನು ತರಲಾಗಿದೆ. ಸದರಿ ಬದಲಾವಣೆಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ. ಕ್ರಮ ತಪ್ಪಿ ಘಟಕ ಅಳವಡಿಸಿಕೊಂಡಲ್ಲಿ ಸಹಾಯಧನ ಕೈತಪ್ಪುವ ಸಂಭವವಿರುವುದರಿಂದ, ಹಣ ಪಾವತಿಸುವ ಮುನ್ನ ಈ ವಿವರಗಳನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

1. ಸಹಾಯಧನದ ಪ್ರಮಾಣ

ಪ್ರಧಾನಮಂತ್ರಿ ಸೂರ್ಯ ಘರ್ ಉಚಿತ ವಿದ್ಯುತ್ ಯೋಜನೆಗೆ ಕೇಂದ್ರ ಸಚಿವ ಸಂಪುಟವು ದಿನಾಂಕ 29-02-2024ರಂದು ಅನುಮೋದನೆ ನೀಡಿದೆ. ಯೋಜನೆಯ ಒಟ್ಟು ವೆಚ್ಚ 75,021 ಕೋಟಿ ರೂಪಾಯಿಗಳಾಗಿದ್ದು, 1 ಕೋಟಿ ಮನೆಗಳಿಗೆ ಮೇಲ್ಛಾವಣಿ ಘಟಕ ಒದಗಿಸುವ ಗುರಿ ಹೊಂದಲಾಗಿದೆ. ಯೋಜನೆಯನ್ನು 2026-27ನೇ ಆರ್ಥಿಕ ವರ್ಷದವರೆಗಿನ ಅವಧಿಗೆ ಮಂಜೂರು ಮಾಡಲಾಗಿದೆ. ಇದರಡಿ ನಿಗದಿಪಡಿಸಲಾದ ಸಹಾಯಧನವು ಈ ಕೆಳಕಂಡಂತಿದೆ.

(ಅ) 1 ಕಿಲೋವ್ಯಾಟ್ ಘಟಕಕ್ಕೆ 30,000 ರೂಪಾಯಿ.
(ಆ) 2 ಕಿಲೋವ್ಯಾಟ್ ಘಟಕಕ್ಕೆ 60,000 ರೂಪಾಯಿ.
(ಇ) 3 ಕಿಲೋವ್ಯಾಟ್ ಹಾಗೂ ಅದಕ್ಕಿಂತ ಹೆಚ್ಚಿನ ಘಟಕಕ್ಕೆ 78,000 ರೂಪಾಯಿ.
(ಈ) ವಸತಿ ಸಮುಚ್ಚಯಗಳು ಹಾಗೂ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳ ಸಾಮಾನ್ಯ ಸೌಲಭ್ಯಗಳಿಗೆ ಪ್ರತಿ ಕಿಲೋವ್ಯಾಟ್‌ಗೆ 18,000 ರೂಪಾಯಿ.

3 ಕಿಲೋವ್ಯಾಟ್‌ಗಿಂತ ದೊಡ್ಡ ಘಟಕ ಅಳವಡಿಸಿದರೂ ಒಂದು ಮನೆಗೆ ದೊರೆಯುವ ಸಹಾಯಧನವು 78,000 ರೂಪಾಯಿಗಳನ್ನು ಮೀರುವುದಿಲ್ಲ. ಆದ್ದರಿಂದ ಅಗತ್ಯಕ್ಕಿಂತ ದೊಡ್ಡ ಘಟಕವನ್ನು ಸಹಾಯಧನದ ಆಸೆಯಿಂದ ಅಳವಡಿಸಿಕೊಳ್ಳುವುದರಲ್ಲಿ ಲಾಭವಿಲ್ಲ.

2. ಅರ್ಹತೆ

ಅರ್ಜಿದಾರರು ಭಾರತೀಯ ನಾಗರಿಕರಾಗಿರತಕ್ಕದ್ದು. ಫಲಕ ಅಳವಡಿಸಲು ಸೂಕ್ತವಾದ ಮೇಲ್ಛಾವಣಿಯುಳ್ಳ ಸ್ವಂತ ಮನೆ ಹಾಗೂ ಚಾಲ್ತಿಯಲ್ಲಿರುವ ವಿದ್ಯುತ್ ಸಂಪರ್ಕ ಹೊಂದಿರತಕ್ಕದ್ದು. ಸೌರ ಫಲಕಗಳಿಗಾಗಿ ಈ ಮೊದಲು ಬೇರೆ ಸಹಾಯಧನ ಪಡೆದಿರಬಾರದು. ಅಂಗಡಿ, ಕೈಗಾರಿಕೆ ಮುಂತಾದ ಗೃಹೇತರ ಸಂಪರ್ಕಗಳಿಗೆ ಈ ಸಹಾಯಧನ ಅನ್ವಯಿಸುವುದಿಲ್ಲ.

ವಿದ್ಯುತ್ ಸಂಪರ್ಕವು ಅರ್ಜಿದಾರರ ಹೆಸರಿನಲ್ಲಿಯೇ ಇದೆಯೇ ಎಂಬುದನ್ನು ಮೊದಲೇ ಪರಿಶೀಲಿಸಿಕೊಳ್ಳಬೇಕು. ತಂದೆ ಅಥವಾ ತಾತನ ಹೆಸರಿನಲ್ಲಿಯೇ ಉಳಿದಿರುವ ಆರ್.ಆರ್. ಸಂಖ್ಯೆಗಳ ಸಂದರ್ಭದಲ್ಲಿ, ಬ್ಯಾಂಕ್ ಖಾತೆಯ ಹೆಸರಿಗೂ ಬಿಲ್ಲಿನ ಹೆಸರಿಗೂ ಹೊಂದಾಣಿಕೆಯಾಗದೆ ತೊಡಕು ಉಂಟಾಗಬಹುದು. ಅಂತಹವರು ಮೊದಲು ಸಂಬಂಧಪಟ್ಟ ಉಪವಿಭಾಗ ಕಚೇರಿಯಲ್ಲಿ ಹೆಸರು ಬದಲಾವಣೆ ಮಾಡಿಸಿಕೊಳ್ಳುವುದು ಒಳಿತು. ಒಂದೇ ಕಟ್ಟಡದಲ್ಲಿ ಹಲವು ಮನೆಗಳಿದ್ದು ಮೇಲ್ಛಾವಣಿಯು ಎಲ್ಲರಿಗೂ ಸೇರಿದ್ದಾದಲ್ಲಿ, ಸಹಮಾಲೀಕರ ಲಿಖಿತ ಒಪ್ಪಿಗೆಯನ್ನು ಪಡೆದಿಟ್ಟುಕೊಂಡಲ್ಲಿ ಮುಂದೆ ವಿವಾದಕ್ಕೆ ಆಸ್ಪದವಿರುವುದಿಲ್ಲ.

3. ಅನುಮತಿ ನಿಯಮಗಳಲ್ಲಿ ಆಗಿರುವ ಸಡಿಲಿಕೆ

ವಿದ್ಯುಚ್ಛಕ್ತಿ (ಗ್ರಾಹಕರ ಹಕ್ಕುಗಳು) ನಿಯಮಗಳು, 2020ಕ್ಕೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಮಾಡಲಾಗಿದ್ದು, ಅದರ ಮುಖ್ಯಾಂಶಗಳು ಹೀಗಿವೆ.

(ಅ) 10 ಕಿಲೋವ್ಯಾಟ್‌ವರೆಗಿನ ಘಟಕಗಳ ಅರ್ಜಿಗಳನ್ನು, ಅವು ಎಲ್ಲ ವಿಧದಲ್ಲಿಯೂ ಪೂರ್ಣವಾಗಿದ್ದಲ್ಲಿ, ತಾಂತ್ರಿಕ ಸಾಧ್ಯತೆಯ ಅಧ್ಯಯನವಿಲ್ಲದೆಯೇ ಅಂಗೀಕೃತವೆಂದು ಭಾವಿಸಲಾಗುವುದು. ಮಂಜೂರಾದ ಲೋಡ್ ಹೆಚ್ಚಿಸಬೇಕಾಗಿದ್ದಲ್ಲಿ ಅದನ್ನು ವಿತರಣಾ ಕಂಪನಿಯೇ ಮಾಡತಕ್ಕದ್ದು.
(ಆ) 10 ಕಿಲೋವ್ಯಾಟ್‌ಗೂ ಹೆಚ್ಚಿನ ಘಟಕಗಳಿಗೆ ಅಧ್ಯಯನದ ಕಾಲಮಿತಿಯನ್ನು 20 ದಿನಗಳಿಂದ 15 ದಿನಗಳಿಗೆ ಇಳಿಸಲಾಗಿದೆ. ಸದರಿ ಅವಧಿಯೊಳಗೆ ಅಧ್ಯಯನ ಪೂರ್ಣಗೊಳ್ಳದಿದ್ದಲ್ಲಿ ಅನುಮೋದನೆ ದೊರೆತಂತೆಯೇ ಭಾವಿಸಲಾಗುವುದು.
(ಇ) 5 ಕಿಲೋವ್ಯಾಟ್‌ವರೆಗಿನ ಘಟಕಕ್ಕಾಗಿ ವಿತರಣಾ ಜಾಲವನ್ನು ಬಲಪಡಿಸಬೇಕಾದಲ್ಲಿ ಅದರ ವೆಚ್ಚವನ್ನು ವಿತರಣಾ ಕಂಪನಿಯೇ ಭರಿಸತಕ್ಕದ್ದು.
(ಈ) ಅಳವಡಿಕೆ ಪೂರ್ಣಗೊಂಡ ಬಗ್ಗೆ ಪ್ರಮಾಣಪತ್ರ ಸಲ್ಲಿಸಿದ ನಂತರ ಘಟಕವನ್ನು ಚಾಲನೆಗೊಳಿಸುವ ಕಾಲಮಿತಿಯನ್ನು 30 ದಿನಗಳಿಂದ 15 ದಿನಗಳಿಗೆ ಇಳಿಸಲಾಗಿದೆ.

ಮೇಲ್ಕಂಡ ಕಾಲಮಿತಿಗಳು ಪೂರ್ಣವಾದ ಅರ್ಜಿಗಳಿಗೆ ಮಾತ್ರ ಅನ್ವಯಿಸುವುದರಿಂದ, ಅರ್ಜಿ ಸಲ್ಲಿಸಿದ ದಿನಾಂಕ ಹಾಗೂ ಸ್ವೀಕೃತಿ ಸಂಖ್ಯೆಯನ್ನು ಅರ್ಜಿದಾರರು ಜೋಪಾನವಾಗಿ ಇಟ್ಟುಕೊಳ್ಳಬೇಕು.

4. ಅರ್ಜಿ ಸಲ್ಲಿಸುವ ಕ್ರಮ

ಹಿಂದೆ ವಿತರಣಾ ಕಂಪನಿಗಳು ಟೆಂಡರ್ ಮೂಲಕ ಆಯ್ಕೆ ಮಾಡಿದ ಸಂಸ್ಥೆಗಳಿಂದ ಮಾತ್ರ ಘಟಕ ಪಡೆಯಬೇಕಾಗಿತ್ತು. 2022ರ ಜುಲೈನಲ್ಲಿ ರಾಷ್ಟ್ರೀಯ ಪೋರ್ಟಲ್ ಆರಂಭವಾದ ಬಳಿಕ, ನೋಂದಾಯಿತ ಸಂಸ್ಥೆಗಳ ಪಟ್ಟಿಯಿಂದ ಗ್ರಾಹಕರೇ ಆಯ್ಕೆ ಮಾಡಿಕೊಳ್ಳಲು ಅವಕಾಶ ಕಲ್ಪಿಸಲಾಗಿದೆ. ಈಗ ಅನುಸರಿಸಬೇಕಾದ ಹಂತಗಳು:

ಹಂತ 1: ರಾಷ್ಟ್ರೀಯ ಪೋರ್ಟಲ್‌ನಲ್ಲಿ ರಾಜ್ಯ, ವಿತರಣಾ ಕಂಪನಿ ಹಾಗೂ ಗ್ರಾಹಕ ಖಾತೆ ಸಂಖ್ಯೆ ನಮೂದಿಸಿ ನೋಂದಣಿ ಮಾಡಿಕೊಳ್ಳುವುದು. ಕರ್ನಾಟಕದಲ್ಲಿ ಪ್ರದೇಶಾನುಸಾರ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಹಾಗೂ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಕಾರ್ಯನಿರ್ವಹಿಸುತ್ತಿವೆ.
ಹಂತ 2: ಘಟಕಕ್ಕಾಗಿ ಅರ್ಜಿ ಸಲ್ಲಿಸಿ ವಿತರಣಾ ಕಂಪನಿಯ ಅನುಮೋದನೆ ಪಡೆಯುವುದು.
ಹಂತ 3: ನೋಂದಾಯಿತ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು ಘಟಕ ಅಳವಡಿಸಿಕೊಳ್ಳುವುದು.
ಹಂತ 4: ಘಟಕದ ವಿವರ ಸಲ್ಲಿಸಿ ನೆಟ್ ಮೀಟರ್‌ಗೆ ಅರ್ಜಿ ಹಾಕುವುದು.
ಹಂತ 5: ಮೀಟರ್ ಅಳವಡಿಕೆ ಹಾಗೂ ತಪಾಸಣೆಯ ನಂತರ ಪೋರ್ಟಲ್‌ನಲ್ಲಿ ಚಾಲನಾ ಪ್ರಮಾಣಪತ್ರ ಪಡೆಯುವುದು.
ಹಂತ 6: ಬ್ಯಾಂಕ್ ಖಾತೆಯ ವಿವರ ಹಾಗೂ ರದ್ದುಗೊಳಿಸಿದ ಚೆಕ್ ಸಲ್ಲಿಸುವುದು. ಸಹಾಯಧನವು ನೇರವಾಗಿ ಗ್ರಾಹಕರ ಖಾತೆಗೆ ಜಮೆಯಾಗುತ್ತದೆ.

ಇಲ್ಲಿ ಮೂರು ವಿಷಯಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದಾಗಿ, ಸಂಸ್ಥೆಯು ಪೋರ್ಟಲ್‌ನಲ್ಲಿ ನೋಂದಾಯಿತವಾಗಿರಬೇಕು. ಎರಡನೆಯದಾಗಿ, ಸೌರ ಕೋಶ ಹಾಗೂ ಫಲಕಗಳೆರಡೂ ದೇಶದಲ್ಲಿಯೇ ತಯಾರಾದವುಗಳಾಗಿರಬೇಕು. ಕಡಿಮೆ ಬೆಲೆಗೆ ದೊರೆಯುವ ವಿದೇಶಿ ಫಲಕಗಳನ್ನು ಅಳವಡಿಸಿದಲ್ಲಿ ಸಹಾಯಧನ ದೊರೆಯುವುದಿಲ್ಲ. ಮೂರನೆಯದಾಗಿ, ಸಹಾಯಧನವು ಘಟಕ ಚಾಲನೆಗೊಂಡ ನಂತರವಷ್ಟೇ ಬರುವುದರಿಂದ ಆರಂಭದಲ್ಲಿ ಪೂರ್ಣ ವೆಚ್ಚಕ್ಕೆ ಹಣ ಹೊಂದಿಸಿಕೊಳ್ಳಬೇಕಾಗುತ್ತದೆ. 3 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ಅಡಮಾನವಿಲ್ಲದ ಸಾಲ ಸೌಲಭ್ಯವನ್ನು ಯೋಜನೆಯಡಿ ಬ್ಯಾಂಕುಗಳ ಮೂಲಕ ಕಲ್ಪಿಸಲಾಗಿದೆ.

5. ನೆಟ್ ಮೀಟರಿಂಗ್ ಎಂದರೇನು?

ಹಗಲಿನಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು ಮೊದಲು ಮನೆಯಲ್ಲಿಯೇ ಬಳಸಿಕೊಂಡು, ಉಳಿದದ್ದನ್ನು ವಿತರಣಾ ಜಾಲಕ್ಕೆ ಕಳುಹಿಸಲಾಗುತ್ತದೆ. ರಾತ್ರಿ ವೇಳೆ ಜಾಲದಿಂದ ವಿದ್ಯುತ್ ಪಡೆಯಲಾಗುತ್ತದೆ. ನೆಟ್ ಮೀಟರ್ ಈ ಎರಡನ್ನೂ ಪ್ರತ್ಯೇಕವಾಗಿ ಅಳೆಯುತ್ತದೆ. ಪಡೆದ ಯೂನಿಟ್‌ಗಳಿಂದ ಕಳುಹಿಸಿದ ಯೂನಿಟ್‌ಗಳನ್ನು ಕಳೆದು ಉಳಿದದ್ದಕ್ಕೆ ಮಾತ್ರ ಬಿಲ್ ಮಾಡಲಾಗುತ್ತದೆ. ಹೆಚ್ಚುವರಿಯಾಗಿ ಕಳುಹಿಸಿದ ಯೂನಿಟ್‌ಗಳಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸಿದ ದರದಂತೆ ಮೊತ್ತ ದೊರೆಯುತ್ತದೆ. ನಿಗದಿತ ಶುಲ್ಕವು ಎಂದಿನಂತೆ ಇರುವುದರಿಂದ ಬಿಲ್ಲು ಸಂಪೂರ್ಣ ಶೂನ್ಯವಾಗುವುದೆಂದು ಭಾವಿಸಬಾರದು.

6. ಸಾಮರ್ಥ್ಯದ ಆಯ್ಕೆ ಹಾಗೂ ಲಾಭದ ಲೆಕ್ಕಾಚಾರ

1 ಕಿಲೋವ್ಯಾಟ್ ಘಟಕಕ್ಕೆ ನೆರಳಿಲ್ಲದ ಸುಮಾರು 10 ಚದರ ಮೀಟರ್ ಜಾಗ ಬೇಕಾಗುತ್ತದೆ. ಅದರಿಂದ ದಿನಕ್ಕೆ ಸರಾಸರಿ 4 ಯೂನಿಟ್ ದೊರೆಯುತ್ತದೆ ಎಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ಮಳೆಗಾಲದಲ್ಲಿ ಇದು ಕಡಿಮೆಯಾಗುತ್ತದೆ. ತಿಂಗಳಿಗೆ 150 ಯೂನಿಟ್‌ವರೆಗೆ ಬಳಸುವ ಮನೆಗೆ 1ರಿಂದ 2 ಕಿಲೋವ್ಯಾಟ್, 150ರಿಂದ 300 ಯೂನಿಟ್ ಬಳಸುವ ಮನೆಗೆ 2ರಿಂದ 3 ಕಿಲೋವ್ಯಾಟ್ ಘಟಕ ಸೂಕ್ತವೆಂದು ಯೋಜನೆಯಡಿ ಸೂಚಿಸಲಾಗಿದೆ.

ಉದಾಹರಣೆಗೆ, 3 ಕಿಲೋವ್ಯಾಟ್ ಘಟಕದ ವೆಚ್ಚ 1,80,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಸಹಾಯಧನ 78,000 ಕಳೆದಲ್ಲಿ ಗ್ರಾಹಕರ ಪಾಲು 1,02,000 ರೂಪಾಯಿ. ಆ ಮನೆಯ ಬಳಕೆ ತಿಂಗಳಿಗೆ 300 ಯೂನಿಟ್ ಹಾಗೂ ದರವು ಯೂನಿಟ್‌ಗೆ 6 ರೂಪಾಯಿ ಆಗಿದ್ದಲ್ಲಿ ತಿಂಗಳಿಗೆ 1,800, ವರ್ಷಕ್ಕೆ 21,600 ರೂಪಾಯಿ ಉಳಿತಾಯವಾಗುತ್ತದೆ. ಅಂದರೆ ಬಡ್ಡಿಯನ್ನು ಗಣನೆಗೆ ತೆಗೆದುಕೊಳ್ಳದೆ ನೋಡಿದಲ್ಲಿ ಸುಮಾರು 5 ವರ್ಷಗಳಲ್ಲಿ ಹೂಡಿದ ಹಣ ಮರಳುತ್ತದೆ. ಫಲಕಗಳ ಬಾಳಿಕೆ ಸುಮಾರು 25 ವರ್ಷಗಳು. ಸಾಲ ಮಾಡಿದಲ್ಲಿ ಬಡ್ಡಿಯನ್ನೂ, ಕಾಲಕಾಲಕ್ಕೆ ತಗಲುವ ದುರಸ್ತಿ ವೆಚ್ಚವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಸೌರ ಉಪಕರಣಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ದಿನಾಂಕ 22-09-2025ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದ್ದು, ದರಪಟ್ಟಿ ಪಡೆಯುವಾಗ ಇದನ್ನು ಗಮನಿಸಬೇಕು.

ಇದೇ ಲೆಕ್ಕವು ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ರಾಜ್ಯ ಸರ್ಕಾರವು 2023ರಲ್ಲಿ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಡಿ, ತಿಂಗಳಿಗೆ 200 ಯೂನಿಟ್‌ಗಳ ಗರಿಷ್ಠ ಮಿತಿಗೊಳಪಟ್ಟು, ಮನೆಯ ಸರಾಸರಿ ಬಳಕೆಯನ್ನು ಆಧರಿಸಿ ಉಚಿತ ವಿದ್ಯುತ್ತಿನ ಅರ್ಹತೆಯನ್ನು ನಿಗದಿಪಡಿಸಲಾಗಿದೆ. ಶೂನ್ಯ ಬಿಲ್ ಪಡೆಯುತ್ತಿರುವ ಮನೆಗೆ ಬಿಲ್ಲಿನಲ್ಲಿ ಉಳಿಸಲು ಹಣವಿರುವುದಿಲ್ಲ. ಆದ್ದರಿಂದ ಕಡಿಮೆ ಬಳಕೆಯ ಕುಟುಂಬಗಳು ಕಳೆದ 12 ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ತಾವು ವಾಸ್ತವವಾಗಿ ಪಾವತಿಸಿದ ಮೊತ್ತವನ್ನು ಕೂಡಿ ನೋಡಿದ ನಂತರವೇ ಸಾಲ ಮಾಡುವ ಬಗ್ಗೆ ತೀರ್ಮಾನಿಸುವುದು ಹಿತಕರ.

7. ವಿದ್ಯುತ್ ಕಡಿತವಾದಾಗ ಘಟಕ ಕೆಲಸ ಮಾಡುವುದೇ?

ಸೌರ ಘಟಕವಿದ್ದಲ್ಲಿ ಕರೆಂಟು ಹೋದಾಗಲೂ ಮನೆಯಲ್ಲಿ ದೀಪ ಉರಿಯುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಜಾಲಕ್ಕೆ ಜೋಡಿಸಿದ, ಬ್ಯಾಟರಿ ಇಲ್ಲದ ಘಟಕದ ವಿಷಯದಲ್ಲಿ ಇದು ಸರಿಯಲ್ಲ. ಜಾಲದಲ್ಲಿ ವಿದ್ಯುತ್ ಸ್ಥಗಿತಗೊಂಡ ಕೂಡಲೇ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ದುರಸ್ತಿಗಾಗಿ ಕಂಬ ಏರಿರುವ ಮಾರ್ಗದಾಳುವಿನ ಕೈಗೆ ಮನೆಯ ಮೇಲಿನಿಂದ ವಿದ್ಯುತ್ ಹರಿದು ಪ್ರಾಣಾಪಾಯವಾಗಬಾರದೆಂಬುದೇ ಈ ವ್ಯವಸ್ಥೆಯ ಉದ್ದೇಶ. ಇದನ್ನು ನಿಷ್ಕ್ರಿಯಗೊಳಿಸಲು ಯಾರೂ ಯಾವುದೇ ಸಂದರ್ಭದಲ್ಲಿಯೂ ಪ್ರಯತ್ನಿಸಕೂಡದು. ಕಡಿತದ ವೇಳೆಯಲ್ಲಿಯೂ ವಿದ್ಯುತ್ ಬೇಕೆನ್ನುವವರು ಅದಕ್ಕೆ ತಕ್ಕ ಇನ್ವರ್ಟರ್ ಹಾಗೂ ಬ್ಯಾಟರಿಯನ್ನು ಆಯ್ಕೆ ಮಾಡಿಕೊಳ್ಳಬೇಕಾಗುತ್ತದೆ.

8. ಹಳೆಯ ಫಲಕ ಹಾಗೂ ಬ್ಯಾಟರಿಗಳ ವಿಲೇವಾರಿ

ಸೌರ ವಿದ್ಯುತ್ತು ಹೊಗೆಯುಗುಳದಿದ್ದರೂ ಅದರ ಉಪಕರಣಗಳು ಒಂದು ದಿನ ತ್ಯಾಜ್ಯವಾಗುತ್ತವೆ. ದಿನಾಂಕ 01-04-2023ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ವ್ಯಾಪ್ತಿಗೆ ಸೌರ ಕೋಶ ಹಾಗೂ ಫಲಕಗಳನ್ನು ತರಲಾಗಿದೆ. ಇವುಗಳ ತಯಾರಕರು ನೋಂದಣಿ ಮಾಡಿಸಿಕೊಂಡು, 2034-35ನೇ ಸಾಲಿನವರೆಗೆ ಸೌರ ತ್ಯಾಜ್ಯವನ್ನು ನಿಗದಿತ ರೀತಿಯಲ್ಲಿ ಸಂಗ್ರಹಿಸಿಡತಕ್ಕದ್ದು. ಬ್ಯಾಟರಿಗಳಿಗೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಅನ್ವಯಿಸುತ್ತವೆ. ಒಡೆದ ಫಲಕಗಳಲ್ಲಿ ಸೀಸದಂತಹ ವಿಷಕಾರಿ ಅಂಶಗಳು ಇರಬಹುದಾದ್ದರಿಂದ ಅವುಗಳನ್ನು ಮನೆಯ ಕಸದೊಂದಿಗೆ ಹಾಕುವುದಾಗಲಿ, ಗುಜರಿಯವರಿಗೆ ಮಾರುವುದಾಗಲಿ ಕೂಡದು. ಖರೀದಿಯ ಸಮಯದಲ್ಲಿಯೇ ಹಿಂಪಡೆಯುವ ವ್ಯವಸ್ಥೆಯ ಬಗ್ಗೆ ಸಂಸ್ಥೆಯಿಂದ ಲಿಖಿತ ಮಾಹಿತಿ ಕೇಳಿ ಪಡೆಯುವುದು ಒಳ್ಳೆಯದು.

9. ನಿರ್ವಹಣೆ ಹಾಗೂ ದೂರುಗಳು

ಅಳವಡಿಸಿದ ಸಂಸ್ಥೆಯು 5 ವರ್ಷಗಳ ಕಾಲ ಘಟಕದ ನಿರ್ವಹಣೆ ಮಾಡತಕ್ಕದ್ದಾಗಿದ್ದು, ಈ ಷರತ್ತು ಒಪ್ಪಂದದಲ್ಲಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಫಲಕಗಳ ಮೇಲಿನ ಧೂಳನ್ನು ಆಗಾಗ್ಗೆ ನೀರಿನಿಂದ ತೊಳೆಯುವುದರಿಂದ ಉತ್ಪಾದನೆ ಕುಂದುವುದಿಲ್ಲ.

ವಿತರಣಾ ಕಂಪನಿಯ ಸೇವೆಯಲ್ಲಿ ವಿಳಂಬವಾದಲ್ಲಿ ಮೊದಲು ಉಪವಿಭಾಗ ಕಚೇರಿಗೆ ಲಿಖಿತ ದೂರು ಸಲ್ಲಿಸಬೇಕು. ಪರಿಹಾರ ದೊರೆಯದಿದ್ದಲ್ಲಿ ವಿದ್ಯುಚ್ಛಕ್ತಿ ಅಧಿನಿಯಮ, 2003ರ 42ನೇ ಪ್ರಕರಣದಡಿ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯನ್ನೂ, ಅಲ್ಲಿಯ ತೀರ್ಮಾನದಿಂದ ತೃಪ್ತರಾಗದಿದ್ದಲ್ಲಿ ವಿದ್ಯುತ್ ಓಂಬುಡ್ಸ್‌ಮನ್ ಅವರನ್ನೂ ಸಂಪರ್ಕಿಸಬಹುದು.

ಮುಕ್ತಾಯ

ಅರ್ಜಿದಾರರು ಹಣ ಪಾವತಿಸುವ ಮುನ್ನ ಈ ಕೆಳಕಂಡವುಗಳನ್ನು ಮತ್ತೊಮ್ಮೆ ಪರಿಶೀಲಿಸಿಕೊಳ್ಳಬೇಕಾಗಿ ಕೋರಲಾಗಿದೆ: ಬಿಲ್ಲಿನಲ್ಲಿರುವ ಹೆಸರು, ಮೇಲ್ಛಾವಣಿಯ ಹಕ್ಕು, ಸಂಸ್ಥೆಯ ನೋಂದಣಿ, ದೇಶೀಯ ಫಲಕಗಳ ಬಗ್ಗೆ ಲಿಖಿತ ಭರವಸೆ, 5 ವರ್ಷಗಳ ನಿರ್ವಹಣಾ ಒಪ್ಪಂದ ಹಾಗೂ ಹಿಂದಿನ 12 ತಿಂಗಳ ಬಳಕೆಯ ಲೆಕ್ಕ. ಇವಿಷ್ಟೂ ಸರಿಯಾಗಿದ್ದಲ್ಲಿ ಅರ್ಜಿಯು ಹಿಂತಿರುಗುವ ಸಂದರ್ಭಗಳು ಕಡಿಮೆಯಾಗುತ್ತವೆ. ಅರ್ಹ ಗ್ರಾಹಕರು ಸದರಿ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಬಹುದಾಗಿದೆ.